ಮಾವನವರ ಕಿವಿಗೊಂದು ಅರ್ಜಿ

ಮಾವನವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ನಾನೇನೋ ಬುದ್ಧಿವಂತೆ ಎಂದು ತಿಳಿಯಬೇಡಿ. ನಾನು ಸೊಸೆ, ಅಷ್ಟೇ ಕಾರಣ. ತೊಂಬತ್ತರ ದಶಕದ ಮೊದಲ ವರ್ಷಗಳವು. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಆಗ ಸೊಸೆಯಾದವಳು ಮಾವನ ಎದುರು ನಿಂತು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಿಂದಲೋ, ತಲೆ ತಗ್ಗಿಸಿ ಪಕ್ಕಕ್ಕೆ ತಿರುಗಿಯೋ ಹೇಳಬೇಕಾದ್ದನ್ನು ಹೇಳಿ ಒಳಗೆ ಹೋಗಬೇಕು. ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತು ಹಗಲೆಲ್ಲ ಊರ ಗಂಡಸರನ್ನು ಗದರಿಸಿ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ಮನೆ ಹೊಸ್ತಿಲು ದಾಟಿದ ಕೂಡಲೇ ಸೆರಗು ಹೊದ್ದು ಗೋಡೆಯ ಜೊತೆ ಮಾತಾಡುತ್ತಿದ್ದೆ.

ಮನೆಯ ಹಿಂಭಾಗದಲ್ಲೇ ನಮ್ಮ ಮಗ್ಗಗಳಿದ್ದವು. ಕರೆಂಟ್ ಇದ್ದಷ್ಟು ಹೊತ್ತೂ ಆ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳುವುದಿಲ್ಲ. ಹಾಗಾಗಿ ಯಾರಿಗೆ ಕಿವಿ ಇದೆ, ಯಾರಿಗೆ ಇಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೀದಿಗೆ ಬೀದಿಯೇ ಸುಮ್ಮನಾಯಿತು. ಮಾವ ಪಡಸಾಲೆಯಲ್ಲಿ ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದರು. ನಾನು ಬಾಗಿಲ ಮರೆಯಿಂದ, “ಮಾವ, ಊಟಕ್ಕೆ ಬನ್ನಿ” ಎಂದೆ. ಅವರು ಅಲುಗಲಿಲ್ಲ. ಸ್ವಲ್ಪ ಜೋರಾಗಿ ಕರೆದೆ. ಮತ್ತೂ ಜೋರಾಗಿ ಕರೆದೆ. ಎದುರು ಮನೆಯಾಕೆ ಬೀದಿಯಾಚೆಯಿಂದಲೇ, “ನಿಮ್ಮಾವ ಅಲ್ಲೇ ಕೂತವ್ರೆ ಕಣಮ್ಮ!” ಎಂದು ಉತ್ತರ ಕೊಟ್ಟಳು. ಮಾವ ಮಾತ್ರ ಬೀಡಿಯ ಬೂದಿ ಕೊಡವಿಕೊಂಡು ಬೀದಿ ನೋಡುತ್ತಿದ್ದರು. ಕೊನೆಗೆ ನನ್ನ ಯಜಮಾನರು ಬಂದು ಅವರೆದುರು ನಿಂತು “ಊಟ” ಎಂದರು.

“ಕರೀಬಾರ್ದೇನೋ? ಆಗ್ಲಿಂದ ಹೊಟ್ಟೆ ಚುರುಗುಟ್ತಿದೆ!” ಎಂದು ಮಾವ ಎದ್ದು ಬಂದರು.

ಯಜಮಾನರಿಗೆ ಹೇಳಿದರೆ ನಕ್ಕುಬಿಟ್ಟರು. “ಮಗ್ಗದೋರ ಕಿವಿ ಅಂದ್ರೆ ಇಷ್ಟೇ ಕಣೇ. ಹೋಗ್ಲಿ ಬಿಡು.” ಅವರ ಮಾತೂ ಸುಳ್ಳಲ್ಲ. ಆ ಬೀದಿಯವರು ಮಾತನ್ನು ಕಣ್ಣಿನಲ್ಲೇ ಹಿಡಿಯುವವರು. ಈ ಮಗ್ಗದಿಂದ ಆ ಮಗ್ಗಕ್ಕೆ ತುಟಿ ಆಡಿಸಿದರೆ ಸಾಕು, ಕಾಫಿ ಬೇಕೋ ಬೇಡವೋ, ಸಾಹುಕಾರ ಬಂದನೋ ಇಲ್ಲವೋ, ಎಲ್ಲ ಗೊತ್ತಾಗುತ್ತಿತ್ತು. ನನ್ನ ತವರು ಹೊಸಕೋಟೆ ಕಡೆ, ಅನುಗೊಂಡನಹಳ್ಳಿ ಹತ್ತಿರ. ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಬೇಸಾಯಕ್ಕಿಳಿದ ಮನೆ. ನನಗೆ ಈ ವಿದ್ಯೆ ಬರುತ್ತಿರಲಿಲ್ಲ. ಎದುರು ನಿಂತು ಮಾತಾಡುವವರಿಗೆಲ್ಲ ಮಾವ ಸರಿಯಾಗಿ ಉತ್ತರ ಕೊಡುತ್ತಿದ್ದರು. ಎದುರು ನಿಲ್ಲದವಳು ನಾನೊಬ್ಬಳೇ, ಹಾಗಾಗಿ ಗುಟ್ಟು ಗೊತ್ತಿದ್ದವಳೂ ನಾನೊಬ್ಬಳೇ.

ಆ ವರ್ಷ ತಾಲ್ಲೂಕು ಕಚೇರಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಅಂಗವಿಕಲರಿಗೆ ಸಲಕರಣೆ ಹಂಚುವ ಶಿಬಿರ ನಡೆಯಲಿದೆ, ಕಿವಿಗೆ ಹಾಕುವ ಯಂತ್ರವನ್ನೂ ಪುಕ್ಕಟೆ ಕೊಡುತ್ತಾರೆ ಎಂದು ಅದರಲ್ಲಿತ್ತು. ಸರ್ಕಾರಿ ಡಾಕ್ಟರ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು, ರೇಷನ್ ಕಾರ್ಡಿನ ನಕಲು, ಫೋಟೋ ಲಗತ್ತಿಸಿ ಅರ್ಜಿ ಕೊಡಬೇಕು. ಅದೇ ಸರ್ಟಿಫಿಕೇಟಿನ ಮೇಲೆ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಊರವರಿಗೆಲ್ಲ ಈ ಅರ್ಜಿಗಳನ್ನು ಟೈಪು ಮಾಡುತ್ತಿದ್ದವಳು ನಾನೇ. ಮನೆಯಲ್ಲೇ ಒಬ್ಬರನ್ನು ಇಟ್ಟುಕೊಂಡು ಸುಮ್ಮನಿರುವುದು ಹೇಗೆ?

ಯಜಮಾನರ ಮೂಲಕ ಮಾತು ಎತ್ತಿಸಿದೆ. ಮಾವ ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು.

“ನಂಗೇನಾಗೈತ್ಲಾ? ಕಾಲಿಲ್ದೋರು, ಕಣ್ಣಿಲ್ದೋರು ತಗೊಳ್ಳೋದು ಅದು. ಅವರ ಪಾಲಿಗೆ ನಾನ್ ಹೋಗಿ ಕೈ ಒಡ್ಲಾ? ಕಿವುಡ ಅಂತ ಕಾಗ್ದದಲ್ಲಿ ಬರ್ಸ್ಕೊಂಡು ಯಾವ ಮಖ ಹೊತ್ಕೊಂಡು ಓಡಾಡ್ಲಿ?”

ಅವರ ಸಿಟ್ಟಿನಲ್ಲಿ ಜಂಬವೂ ಇತ್ತು, ಒಳ್ಳೆಯತನವೂ ಇತ್ತು. ನನಗೆ ಅವರ ಮೇಲೆ ಪ್ರೀತಿ ಹೆಚ್ಚಿದ್ದು ಅದಕ್ಕೇ. ಆದರೆ ಪ್ರೀತಿ ಹೆಚ್ಚಿತೆಂದು ಹಟ ಬಿಡುವ ಹೆಣ್ಣಲ್ಲ ನಾನು. ಅವರಿಗೆ ಹೇಳದೆಯೇ ಆದಾಯದ ಸರ್ಟಿಫಿಕೇಟಿಗೆ ಅರ್ಜಿ ಕೊಟ್ಟುಬಿಟ್ಟೆ.

ವಿಚಾರಣೆಗೆಂದು ರೆವಿನ್ಯೂ ಇನ್ಸ್‌ಪೆಕ್ಟರು ಮನೆಗೆ ಬಂದಾಗ ನಾನು ಅಂಗಡಿಯಲ್ಲಿದ್ದೆ. ಮಾವ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಹೋಟೆಲಿನಿಂದ ಬೋಂಡಾ ತರಿಸಿ, ಎದುರು ಕೂತು ಉಪಚಾರ ಮಾಡಿದರಂತೆ. ಸಂಸಾರ ಹೇಗೆ ನಡೆಯುತ್ತಿದೆ ಎಂದು ಆತ ಕೇಳಿದ್ದಕ್ಕೆ, “ದೇವ್ರು ಕೊಟ್ಟಿದ್ದು ಬೇಕಾದಷ್ಟೈತೆ ಸ್ವಾಮಿ, ಯಾತಕ್ಕೂ ಕಮ್ಮಿ ಇಲ್ಲ” ಎಂದು ಪಕ್ಕದ ಮನೆಯ ಮಗ್ಗಗಳನ್ನೂ ನಮ್ಮವೇ ಎಂಬಂತೆ ಕೈ ಬೀಸಿ ತೋರಿಸಿದರಂತೆ. ಮನೆಯಲ್ಲಿ ಕಿವಿ ಕೇಳದವರು ಯಾರು ಎಂದರೆ, “ಯಾರೂ ಇಲ್ವಲ್ಲ! ವಿಳಾಸ ತಪ್ಪಿರ್ಬೇಕು ನೋಡಿ” ಎಂದು ಮುಂದಿನ ಬೀದಿಗೆ ದಾರಿಯನ್ನೂ ತೋರಿಸಿದರಂತೆ. ಇನ್ಸ್‌ಪೆಕ್ಟರು ಅರ್ಜಿಯ ಮೇಲೆ ಅಡ್ಡಗೆರೆ ಎಳೆದು ವಾಪಸು ಕೊಟ್ಟರು. “ನಿಮ್ಮ ಮಾವ ನನ್ನ ಒಂದೊಂದು ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟಿದ್ದಾರಲ್ಲಮ್ಮ” ಎಂದು ನನಗೇ ಬುದ್ಧಿ ಹೇಳಿದರು. ಅವರ ಮುಂದೆ ತಲೆ ತಗ್ಗಿಸಿ ನಿಂತು ಮತ್ತೆ ವಿಚಾರಣೆ ಮಾಡಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು.

ಡಾಕ್ಟರ ವಿಷಯ ಇದಕ್ಕಿಂತ ಸುಲಭವಾಗಿ ಶುರುವಾಯಿತು, ಇದಕ್ಕಿಂತ ಕೆಟ್ಟದಾಗಿ ಮುಗಿಯಿತು. “ಡಾಕ್ಟ್ರೇ ಹೇಳ್ಬಿಡ್ಲಿ, ಆಮೇಲಾದ್ರೂ ನಿನ್ನ ಹೆಂಡ್ತಿ ಸುಮ್ನಾಗ್ತಾಳೆ” ಎಂದು ಮಾವ ತಾವಾಗಿ ಮಗನ ಜೊತೆ ಊರಿನ ಆಸ್ಪತ್ರೆಗೆ ಹೊರಟರು. ಅಲ್ಲಿ ಕಿವಿಯ ಡಾಕ್ಟರಿರಲಿಲ್ಲ. ಇದ್ದ ಡಾಕ್ಟರು ಎದುರು ಕೂರಿಸಿಕೊಂಡು ಹೆಸರು ಕೇಳಿದರು, ಊರು ಕೇಳಿದರು, ಮೆಲ್ಲಗೆ ಒಂದಷ್ಟು ಮಾತಾಡಿಸಿದರು. ಮಾವ ಒಂದನ್ನೂ ಬಿಡದೆ ಹೇಳಿದರು. ವಯಸ್ಸಿಗೆ ತಕ್ಕಂತೆ ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಮಾವ ಪರೀಕ್ಷೆ ಪಾಸಾದ ಹುಡುಗನ ಹಾಗೆ ಖಾರಾಬೂಂದಿ ಕಟ್ಟಿಸಿಕೊಂಡು ಬಂದು ಬೀದಿಗೆಲ್ಲ ಹಂಚಿದರು. ನನ್ನ ಪಾಲನ್ನು ಬಾಗಿಲ ಹತ್ತಿರ ಇಟ್ಟು, ನನಗೆ ಕೇಳಲಿ ಎಂದೇ, “ಒಂದು ಹಿಡಿ ಜಾಸ್ತಿನೇ ಇಟ್ಟಿದೀನಪ್ಪ” ಎಂದು ಗೋಡೆಗೆ ಹೇಳಿದರು. ನಗು ಬಂತು, ಅಳುವೂ ಬಂತು. ಖಾರಾಬೂಂದಿ ಮಾತ್ರ ತಿಂದೆ.

ಅದಾದ ಸ್ವಲ್ಪ ದಿನಕ್ಕೆ ಬೆಂಗಳೂರು ರಸ್ತೆಯಲ್ಲಿ ಒಂದು ಲಾರಿ ಬಂತು. ಮಾವ ಸೀರೆ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ರಸ್ತೆ ದಾಟುತ್ತಿದ್ದರು. ಲಾರಿಯವನು ದೂರದಿಂದಲೇ ಹಾರ್ನ್ ಒತ್ತಿಕೊಂಡು ಬಂದನಂತೆ. ಇವರು ಪಕ್ಕಕ್ಕೆ ಸರಿಯಲೇ ಇಲ್ಲ. ಕಡೇ ಗಳಿಗೆಯಲ್ಲಿ ಯಾರೋ ಶರ್ಟು ಹಿಡಿದೆಳೆದರು. ಮಾವ ಮೊಣಕೈ ತರಚಿಕೊಂಡು ಉಳಿದರು, ಸೈಕಲ್ಲಿನ ಹಿಂದಿನ ಚಕ್ರ ಲಾರಿಯ ಕೆಳಗೆ ಹಪ್ಪಳವಾಯಿತು. ಮನೆಗೆ ಬಂದು, “ಬಡ್ಡಿಮಗ, ಹಾರ್ನೇ ಹೊಡೀಲಿಲ್ಲ” ಎಂದು ಲಾರಿಯವನನ್ನು ಬೈದರು. ನಾನು ಅವರ ಮೊಣಕೈಗೆ ಹಚ್ಚಲು ಅರಿಸಿನ ಅರೆಯುತ್ತಿದ್ದೆ. ಅಲ್ಲಿಯವರೆಗೂ ಇದು ನನಗೆ ಒಂದು ಅರ್ಜಿಯ ಕೆಲಸವಾಗಿತ್ತು. ಅವತ್ತಿನಿಂದ ಮಾವ ಸೈಕಲ್ ಹತ್ತಿದರೆ ಅವರು ವಾಪಸು ಬರುವವರೆಗೂ ನನಗೆ ಟೈಪ್‌ರೈಟರಿನ ಮೇಲೆ ಬೆರಳು ಓಡುತ್ತಿರಲಿಲ್ಲ.

ಯಂತ್ರದಲ್ಲಿ ಕಿವಿ ಪರೀಕ್ಷೆ ಮಾಡುವುದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ಸರ್ಟಿಫಿಕೇಟಿಗೂ ಅದೇ ಬೇಕಿತ್ತು. ಮಾವ ಈ ಸಲ ಜಗಳವಾಡದೆ ಒಪ್ಪಿದರು. “ಒಂದು ಸಲ ಪಾಸಾದೋನು ಇನ್ನೊಂದು ಸಲ ಆಗಲ್ವಾ?” ಎಂಬುದು ಅವರ ಧೈರ್ಯ. ಯಜಮಾನರಿಗೆ ಮದುವೆ ಸೀರೆಗಳ ಆರ್ಡರು ತುರ್ತಿತ್ತು. ಕಚೇರಿ, ಆಸ್ಪತ್ರೆ ಅಂದರೆ ನನಗೆ ಅಭ್ಯಾಸ ಎಂದು ನನ್ನನ್ನೇ ಜೊತೆಗೆ ಕಳಿಸಿದರು.

ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಆಸ್ಪತ್ರೆ ಸೇರಿದೆವು. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಪರೀಕ್ಷೆಗೆ ಇನ್ನೊಂದು ಸಾಲು. ಪರೀಕ್ಷೆಯ ಕೋಣೆ ಪುಟ್ಟದು, ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ, ಒಂದು ಕಡೆ ಗಾಜಿನ ಕಿಟಕಿ. ಮಾವನನ್ನು ಒಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಗಾಜಿನ ಈಚೆ ಯಂತ್ರದ ಮುಂದೆ ಪರೀಕ್ಷೆ ಮಾಡುವಾತ ಕೂತ. ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು ಎಂದು ಹೇಳಿಕೊಟ್ಟಿದ್ದ. ನಾನು ಆತನ ಹಿಂದೆ ಗೋಡೆಗೆ ಒರಗಿ ನಿಂತೆ.

ಆತ ಗುಂಡಿ ಒತ್ತಿದ. ಮಾವ ಬೆರಳೆತ್ತಿದರು. ಮತ್ತೆ ಒತ್ತಿದ, ಮತ್ತೆ ಎತ್ತಿದರು. ಸದ್ದು ಕಡಿಮೆ ಮಾಡುತ್ತ ಹೋದರೂ ಬೆರಳು ಏಳುತ್ತಲೇ ಇತ್ತು. “ಪರ್ವಾಗಿಲ್ವೇ, ತಾತನ ಕಿವಿ ನನ್ನ ಕಿವಿಗಿಂತ ಚುರುಕಾಗಿದೆ!” ಎಂದ ಆತ. ನಾನು ಗಾಜಿನಾಚೆ ನೋಡಿದೆ. ಮಾವನ ಕಣ್ಣು ಆತನ ಕೈಮೇಲೇ ನೆಟ್ಟಿತ್ತು. ಓಡುವ ಮಗ್ಗದಲ್ಲಿ ಒಂದೆಳೆ ತುಂಡಾದರೂ ಬಿಡದೆ ಹಿಡಿದ ಕಣ್ಣು ಅದು. ಗುಂಡಿಯ ಮೇಲೆ ಬೆರಳು ಒತ್ತುವುದು ಅದಕ್ಕೆ ತಪ್ಪಿಹೋಗುತ್ತದೆಯೇ? ಮೋಸ ಮಾಡುತ್ತಿದ್ದಾರೆ ಅನ್ನಿಸಲಿಲ್ಲ ನನಗೆ. ಕೇಳುವುದು ಅಂದರೆ ಅವರಿಗೆ ಅದೇ ಆಗಿಹೋಗಿತ್ತು.

ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೆ ಮಾವ ಇನ್ನೊಂದು ಸಲ ಪಾಸಾಗಿ, ಮರ್ಯಾದೆ ಉಳಿಸಿಕೊಂಡು, ಸಂತೋಷವಾಗಿ ಊರಿಗೆ ಬರುತ್ತಿದ್ದರು. ಬಾಯಿ ಬಿಟ್ಟರೆ ಪರವೂರಿನ, ಮೊಮ್ಮಗನ ವಯಸ್ಸಿನವನೊಬ್ಬನ ಎದುರು ಮಾವನ ಮಾನ ತೆಗೆದ ಸೊಸೆ ಆಗುತ್ತೇನೆ. ಚಪ್ಪಟೆಯಾದ ಸೈಕಲ್ ಚಕ್ರ ನೆನಪಾಯಿತು. ಬಗ್ಗಿ, “ಅವರ ಕುರ್ಚಿನ ಆ ಕಡೆ ಗೋಡೆಗೆ ತಿರುಗಿಸಿ, ಸಾರ್” ಎಂದೆ.

ಆತ ನನ್ನನ್ನು ವಿಚಿತ್ರವಾಗಿ ನೋಡಿ, ಎದ್ದು ಹೋಗಿ ಕುರ್ಚಿ ತಿರುಗಿಸಿ ಬಂದ. ಗುಂಡಿ ಒತ್ತಿದ. ಮಾವನ ಬೆರಳು ಏಳಲಿಲ್ಲ. ಸದ್ದು ಏರಿಸಿ ಒತ್ತಿದ. ಏಳಲಿಲ್ಲ. ಅವರ ಬೆನ್ನು, ಬಿಳಿ ಕೂದಲಿನ ಕುತ್ತಿಗೆ, ತೊಡೆಯ ಮೇಲೆ ಸಿದ್ಧವಾಗಿಟ್ಟುಕೊಂಡ ತೋರುಬೆರಳು ಮಾತ್ರ ನನಗೆ ಕಾಣುತ್ತಿದ್ದವು. ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತು ಕಾಯುತ್ತಿದ್ದರು, ಬಾರದ ಸದ್ದಿಗೆ. ಆತ ಕಾಗದದ ಮೇಲೆ ಗುರುತು ಹಾಕುತ್ತ ಹೋದ. ಕೇಳದ ಸದ್ದು ಏರಿದಂತೆ ಗುರುತುಗಳು ಕೆಳಗೆ ಕೆಳಗೆ ಇಳಿದವು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

ಹೊರಗೆ ಬಂದ ಮಾವನ ಮುಖ ಬಿಳಿಚಿಕೊಂಡಿತ್ತು. “ಕುರ್ಚಿ ತಿರುಗ್ಸು ಅಂತ ಅವನ್ಗೆ ಯಾರು ಹೇಳಿದ್ದು?” ಎಂದು ನನ್ನ ಪಕ್ಕದ ಗೋಡೆಯನ್ನು ಕೇಳಿದರು. ಮದುವೆಯಾದಾಗಿನಿಂದ ಮಾಡದ ಕೆಲಸ ಮಾಡಿದೆ. ಅವರ ಎದುರು ಬಂದು ನಿಂತು, ತಲೆಯೆತ್ತಿ, “ನಾನೇ ಮಾವ” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬೈಯದೆ ಬಸ್ಸಿನ ಕಡೆ ನಡೆದರು. ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಊರು ಬರುವವರೆಗೂ ನಾನು ತಿರುಗಿ ನೋಡಲಿಲ್ಲ.

ಸರ್ಟಿಫಿಕೇಟು ಬಂತು, ಬೇಕಾದಷ್ಟು ಕಿವುಡಿನ ಪರ್ಸೆಂಟೂ ಅದರಲ್ಲಿತ್ತು. ಅರ್ಜಿಗೆ ಮಾವ ಸಹಿ ಹಾಕಬೇಕಿತ್ತು, ಅವರು ಹಾಕುತ್ತಿರಲಿಲ್ಲ. ಉಂಡು, ಮಗ್ಗದ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಶಿಬಿರಕ್ಕೆ ಅರ್ಜಿ ಕೊಡುವ ಕಡೇ ದಿನ ಬಂದೇಬಿಟ್ಟಿತು. ಆಸೆ ಬಿಟ್ಟು ಅಂಗಡಿಯಲ್ಲಿ ಬೇರೆಯವರ ಅರ್ಜಿಗಳನ್ನು ಹೊಡೆಯುತ್ತ ಕೂತಿದ್ದೆ. ತಲೆಯೆತ್ತಿದರೆ ಗಿರಾಕಿಗಳ ಸ್ಟೂಲಿನ ಮೇಲೆ ಮಾವ! ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು. ಅವರು ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು. ಎದ್ದು ನಿಂತೆ.

“ಕೂತ್ಕೊ ತಾಯಿ. ಎಲ್ರಿಗೂ ಎಂಗ್ ಕೇಳ್ತೀಯೋ ಅಂಗೇ ಕೇಳು.” ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: “ಆ ಲಾರಿಯೋನು ಹಾರ್ನ್ ಹೊಡ್ದಿದ್ನಂತೆ. ಶರ್ಟ್ ಎಳ್ದೋನು ಇವತ್ತು ಸಿಕ್ಕಿ ಹೇಳ್ದ. ಊರೆಲ್ಲ ಕಿವಿ ಮುಚ್ಕೊಳ್ಳೋ ಅಂಗೆ ಹೊಡ್ದಿದ್ನಂತೆ. ನಂಗೆ ಬ್ಯಾರೆಯೋರ ಮಾತು ಕೇಳ್ಸಲ್ಲ ಅಂತ ಗೊತ್ತಿತ್ತು ಕಣಮ್ಮ. ಲಾರಿನೂ ಕೇಳ್ಸಲ್ಲ ಅಂತ ಗೊತ್ತಿರ್ಲಿಲ್ಲ. ಭಯ ಆಗೋಯ್ತು.”

ಕಾಗದದ ನಡುವೆ ಕಾರ್ಬನ್ ಇಟ್ಟು ಟೈಪ್‌ರೈಟರಿಗೆ ಸಿಕ್ಕಿಸಿದೆ. ಮುಖ ಅವರಿಗೆ ನೇರವಾಗಿ ಇಟ್ಟುಕೊಂಡು ಒಂದೊಂದಾಗಿ ಕೇಳಿದೆ. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು. ಎಲ್ಲ ಹೇಳಿದರು.

“ಅಂಗವಿಕಲತೆಯ ವಿಧ?”

ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಕಿವಿ ಸ್ವಲ್ಪ ಮಂದ ಅಂತ ಹಾಕು.”

“ಸ್ವಲ್ಪ ಮಂದ ಅಂದ್ರೆ ತಿರಸ್ಕಾರ ಮಾಡ್ತಾರೆ ಮಾವ.”

“ಹಂಗಾರೆ ಕಿವುಡು ಅಂತಾನೇ ಹಾಕು. ಒಸಿ ಸಣ್ಣ ಅಕ್ಷರದಲ್ಲಿ ಹಾಕು.”

“ಈ ಮೆಷಿನ್‌ನಲ್ಲಿ ಎಲ್ಲಾ ಅಕ್ಷರ ಒಂದೇ ಅಳತೆ.”

“ಎಂಥಾ ಮೆಷಿನ್ ಇಟ್ಕೊಂಡಿದೀಯೆ ನೀನು!” ಎಂದು ನಕ್ಕರು. ನಾನೂ ನಕ್ಕೆ. ಆ ಪದವನ್ನು ಹೊಡೆಯುವಾಗ ಮಾತ್ರ ಬೆರಳನ್ನು ಮೆಲ್ಲಗೆ ಊರಿದೆ. ಅಕ್ಷರ ಸ್ವಲ್ಪ ತೆಳ್ಳಗೆ ಬಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರು ಅದನ್ನು ಓದಲು ಕಣ್ಣು ಕಿರಿದು ಮಾಡಿದರು, ಅಷ್ಟೇ.

ಶಿಬಿರದಲ್ಲಿ ಕೊಟ್ಟದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಜೇಬಿಗೆ ಸಿಕ್ಕಿಸಿಕೊಂಡರೆ ವೈರು ಕಿವಿಯವರೆಗೆ ಬರುತ್ತಿತ್ತು. ಮಾವ ಅದನ್ನು ಹಾಕಿಕೊಂಡೇ ಮಗ್ಗದ ಮನೆಗೆ ಹೋದವರು, ಹೋದಷ್ಟೇ ಬೇಗ ಓಡಿಬಂದರು. “ಅಯ್ಯಯ್ಯಪ್ಪ! ಇಷ್ಟು ಸದ್ದು ಮಾಡ್ತಾವಾ ಇವು? ಈ ಬೀದಿ ಹಸುಗೂಸುಗಳು ಹೆಂಗೆ ಮಲಗ್ತಾವೆ?” ಎಂದು ಗಾಬರಿಯಾದರು. ಅಲ್ಲಿಂದ ಮುಂದೆ ಮಗ್ಗದ ಮನೆಯಲ್ಲಿ ಅದನ್ನು ಬಿಚ್ಚಿಡುವುದು, ರಸ್ತೆಗೆ ಹೊರಟರೆ ಮರೆಯದೆ ಹಾಕಿಕೊಳ್ಳುವುದು ಎಂದಾಯಿತು. ಎಲ್ಲ ಮಾತೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಹಾರ್ನ್ ಕೇಳುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಮಾಸಾಶನ ಶುರುವಾದಾಗ ಮೊದಲ ಮನಿಯಾರ್ಡರನ್ನು ತಾವೇ ಸಹಿ ಹಾಕಿ ತೆಗೆದುಕೊಂಡರು.

ಆಮೇಲೆ ಮಾವನಿಗೆ ಒಂದು ಹೊಸ ಚಟ ಹತ್ತಿತು. ಕರೆಂಟ್ ಹೋಗಿ ಬೀದಿ ಸುಮ್ಮನಾದ ಕೂಡಲೇ ಎದ್ದು ಹೊರಡುವರು. ಯಾವುದಾದರೂ ಜಗಲಿಯಲ್ಲಿ ಕೂತವನ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯುವರು. ತಿರುಗದವನನ್ನು ನನ್ನ ಅಂಗಡಿಗೆ ಎಳೆದು ತರುವರು. “ಇವನ್ದೂ ಒಂದ್ ಬರಿ ತಾಯಿ.” ಬಂದವರೆಲ್ಲ ಹಟ ಮಾಡುತ್ತಿದ್ದರು, ತಮಗೇನೂ ಆಗಿಲ್ಲ ಅನ್ನುತ್ತಿದ್ದರು. ಮಾವ ಅವರ ಭುಜ ತಟ್ಟಿ, “ನಾನೂ ಖಾರಾಬೂಂದಿ ಹಂಚಿದೋನೇ, ಕೂತ್ಕಳೋ” ಎನ್ನುತ್ತಿದ್ದರು. ಕೆಲವರಿಗೆ ಸರ್ಟಿಫಿಕೇಟು ಸಿಕ್ಕಿತು, ಕೆಲವರಿಗೆ ಪರ್ಸೆಂಟು ಸಾಲದೆ ಸಿಗಲಿಲ್ಲ. “ಏನಮ್ಮ, ನಿಮ್ಮ ಬೀದಿಗೆ ಬೀದಿಯೇ ಕಿವುಡಾ?” ಎಂದು ಗುಮಾಸ್ತರು ರೇಗಿದಾಗ, “ಹೌದು ಸಾರ್” ಎಂದೆ.

ಒಂದು ದಿನ ಹೀಗೇ ರಟ್ಟೆ ಹಿಡಿದು ಕರೆತಂದವರನ್ನು ನೋಡಿದರೆ ನನ್ನ ಯಜಮಾನರು.

“ಮೂರ್ ಸಲ ಕೂಗ್ದೆ ಕಣಮ್ಮ. ಎದುರು ಮನೆ ಹಸ ತಿರುಗಿ ನೋಡ್ತು, ಇವನು ನೋಡ್ಲಿಲ್ಲ” ಎಂದರು ಮಾವ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಯಜಮಾನರು ಪೆಚ್ಚಾಗಿ ನಕ್ಕು, ಏನೋ ಯೋಚನೆಯಲ್ಲಿದ್ದೆ ಅಂದರು.

ಎಷ್ಟು ವರ್ಷ ಅವರ ಬೆನ್ನಿಗೆ ಮಾತಾಡಿ, ಉತ್ತರ ಬರಲಿಲ್ಲವೆಂದು ಮುನಿಸಿಕೊಂಡು ಮಲಗಿದ್ದೆನೋ! ಈಗ ಸ್ಟೂಲಿನ ಮೇಲೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಇವರು ನನ್ನ ಮುಖದಿಂದ ಕಣ್ಣೇ ತೆಗೆಯುವುದಿಲ್ಲ ಎಂದು ತವರಿನಲ್ಲಿ ಹೇಳಿಕೊಂಡು ಬೀಗಿದ್ದು ಈ ನೋಟಕ್ಕೇ. ಕಣ್ಣು ತುಂಬಿತು, ಜೊತೆಗೆ ನಗುವೂ ಬಂತು. ಮುಖ ಆಚೀಚೆ ಮಾಡದೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ.

“ನಾಳೆ ಮೊದಲ್ನೇ ಬಸ್ಸಿಗೇ ಬೆಂಗಳೂರಿಗೆ ಹೋಗೋಣ ರೀ. ನಾನೂ ಜೊತೇಲಿ ಬರ್ತೀನಿ.”